ಪಂಪು ಕಳಚಿದರೆ ಸಾಲದು

“ಮಾವ, ಪವರ್ ಸ್ಟೇರಿಂಗ್ ಪಂಪಿನ ಬೆಲ್ಟ್ ಬಿಚ್ಚಿ ಒಂದು ರೌಂಡ್ ಹೊಡ್ಕೊಂಡು ಬಂದೆ. ಭುಜ ಬಿದ್ದೋಯ್ತು. ರೇಸ್ ಕಾರ್ ಥರ ಆಗತ್ತೆ ಅಂದ್ಕೊಂಡ್ರೆ ಹಳೇ ಲಾರಿ ಥರ ಆಗಿದೆ.”

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಅಕ್ಕನ ಮಗನ ದೂರು ಇದು. ಅವನ ಹತ್ತಿರ 1990ರ ಮಜ್ದಾ ಮಿಯಾಟಾ ಇದೆ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, 1.6 ಲೀಟರ್ ಎಂಜಿನ್ನು, ಶಕ್ತಿ 116 ಎಚ್‌ಪಿ. ಅಂಕಿ ಕೇಳಿ ಮೂಗು ಮುರಿಯಬೇಡಿ. ತೂಕ ಸಾವಿರ ಕಿಲೋದೊಳಗೆ, ಅದೂ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹೆಚ್ಚೂಕಮ್ಮಿ ಅರ್ಧರ್ಧ. ಎಂಜಿನ್ ಬಲವೆಲ್ಲ ಹಿಂದಿನ ಚಕ್ರಕ್ಕೆ. 1989ರ ಶಿಕಾಗೊ ಮೋಟಾರು ಮೇಳದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಿತು. ‘ಜಿನ್‌ಬಾ ಇಟ್ಟೈ’ ಎಂಬುದು ಅದನ್ನು ಕಟ್ಟಿದವರ ಮಂತ್ರ. ಕುದುರೆಯೂ ಸವಾರನೂ ಒಂದೇ ಜೀವವಾಗುವುದು ಅಂತ ಅರ್ಥ. ನಮ್ಮಲ್ಲಿ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗ್ಗ ಕೈಯಲ್ಲಿದ್ದರೆ ಎತ್ತು ಬೆದರುವ ಮುಂಚೆಯೇ ಬೆರಳಿಗೆ ತಿಳಿಯುತ್ತದೆ.

ಆ ಹಗ್ಗದ ಮಧ್ಯೆ ಪವರ್ ಸ್ಟೇರಿಂಗ್ ಎಂಬ ದಿಂಬು ಬಂದು ಕೂತಿದೆ ಎನ್ನುವುದು ನನ್ನಂಥವರ ಹಳೆಯ ತಕರಾರು. ಹುಡುಗ ನನ್ನ ಮಾತು ಕೇಳಿಯೇ ಕೆಟ್ಟಿದ್ದ. ಹಾಗಾಗಿ ಕಳೆದ ಬೇಸಿಗೆಯಲ್ಲಿ ಅವನ ಮನೆಗೆ ಹೋದಾಗ ಅಕ್ಕನ ಬೈಗುಳ ಕೇಳುತ್ತಲೇ ಇಬ್ಬರೂ ಕಾರಿನ ಅಡಿಗೆ ನುಗ್ಗಿದೆವು.

ಬೆಲ್ಟ್ ಬಿಚ್ಚಿದಾಗ ಆಗುವುದೇನು? ಮಿಯಾಟಾದಲ್ಲಿರುವುದು ರ್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್. ರ್ಯಾಕ್ ಅಂದರೆ ಹಲ್ಲಿರುವ ಉದ್ದನೆಯ ಸರಳು, ಪಿನಿಯನ್ ಅಂದರೆ ಅದನ್ನು ಸರಿಸುವ ಹಲ್ಲಿನ ಪುಟ್ಟ ಗಾಲಿ. ಪವರ್ ಸ್ಟೇರಿಂಗಿನಲ್ಲಿ ಆ ಸರಳಿಗೆ ಒಂದು ಪಿಸ್ಟನ್ ಇರುತ್ತದೆ. ಪಂಪು ಒತ್ತಿ ಕಳಿಸಿದ ಎಣ್ಣೆ ಪಿಸ್ಟನ್ನಿನ ಎಡಕ್ಕೋ ಬಲಕ್ಕೋ ನುಗ್ಗಿ ಸರಳನ್ನು ತಳ್ಳುತ್ತದೆ. ಪಂಪು ನಿಂತರೂ ಎಣ್ಣೆ ಅಲ್ಲೇ ಇರುತ್ತದಲ್ಲ! ಆಗ ಎಣ್ಣೆ ತಳ್ಳುವ ಕೂಲಿ ನಿಮ್ಮ ತೋಳಿಗೆ ಬೀಳುತ್ತದೆ. ಹೋಳಿಯ ಪಿಚಕಾರಿಯ ಬಾಯಿಗೆ ಹೆಬ್ಬೆರಳು ಇಟ್ಟು ಒತ್ತಿ ನೋಡಿ, ಗೊತ್ತಾಗುತ್ತದೆ.

ಎರಡನೆಯ ತೊಂದರೆ ಇದಕ್ಕಿಂತ ಸೂಕ್ಷ್ಮ. ಎಣ್ಣೆ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ತೀರ್ಮಾನಿಸುವ ವಾಲ್ವ್ ಪಿನಿಯನ್ನಿನ ನೆತ್ತಿಯಲ್ಲಿದೆ. ಅದರೊಳಗೆ ಟಾರ್ಷನ್ ಬಾರ್ ಎಂಬ ಸಣ್ಣ ಕಡ್ಡಿ. ನೀವು ಸ್ಟೇರಿಂಗ್ ತಿರುಗಿಸಿದಾಗ ಈ ಕಡ್ಡಿ ತುಸು ತಿರುಚಿಕೊಳ್ಳುತ್ತದೆ; ಆ ತಿರುಚು ವಾಲ್ವನ್ನು ತೆರೆಯುತ್ತದೆ. ಪವರ್ ಇದ್ದಾಗ ಈ ತಿರುಚು ಅನುಭವಕ್ಕೇ ಬಾರದು. ಪವರ್ ಹೋದಾಗ ಅದೇ ತಿರುಚು ಸ್ಟೇರಿಂಗಿನಲ್ಲಿ ‘ಪ್ಲೇ’ ಆಗಿ ಕಾಣಿಸಿಕೊಳ್ಳುತ್ತದೆ. ಕೈ ತಿರುಗಿದ ಮೇಲೆ ಒಂದು ಗಳಿಗೆ ಬಿಟ್ಟು ಕಾರು ತಿರುಗುತ್ತದೆ. ಭಾರವಾದ ಸ್ಟೇರಿಂಗನ್ನು ನಾನು ಕ್ಷಮಿಸಬಲ್ಲೆ, ಈ ಸೋಮಾರಿತನವನ್ನಲ್ಲ. ಪಂಪು ತೆಗೆದು, ಎರಡು ಪೈಪುಗಳ ಬಾಯಿ ಕೂಡಿಸಿ, “ಮ್ಯಾನುಯಲ್ ಮಾಡಿದೆ” ಎಂದು ಮೀಸೆ ತಿರುವುವವರೆಲ್ಲ ನಿಲ್ಲಿಸಿಬಿಡುವುದು ಇಲ್ಲೇ.

ಸರಿಯಾದ ದಾರಿ ಎರಡು. ಮೊದಲನೆಯದು, ಕಂಪನಿಯೇ ಮಾಡಿದ ಮ್ಯಾನುಯಲ್ ರ್ಯಾಕ್ ತಂದು ಕೂರಿಸುವುದು. ಆಗಿನ ಅಮೆರಿಕದ ಮಿಯಾಟಾಗಳಲ್ಲಿ ಅಗ್ಗದ ಮಾದರಿಗೆ ಮ್ಯಾನುಯಲ್ ಸ್ಟೇರಿಂಗೇ ಬರುತ್ತಿತ್ತು. ಜಾಸ್ತಿ ದುಡ್ಡು ಕೊಟ್ಟವರಿಗೆ ಪವರ್. ಆ ರ್ಯಾಕಿನಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ. ಆದರೆ ಕೈಗೆ ಹಗುರವಾಗಲೆಂದು ಹಲ್ಲಿನ ಲೆಕ್ಕ ನಿಧಾನವಾಗಿಟ್ಟಿದ್ದಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 3.3 ಸುತ್ತು; ಪವರ್ ರ್ಯಾಕಿಗೆ ಸುಮಾರು 2.8.

ಹುಡುಗನಿಗೆ ಆ 2.8ರ ಚುರುಕೇ ಬೇಕಿತ್ತು. ಹಾಗಾಗಿ ಎರಡನೆಯ ದಾರಿ ಹಿಡಿದೆವು: ಇರುವ ಪವರ್ ರ್ಯಾಕನ್ನೇ ಬಿಚ್ಚಿ ಅದರ ಹೊಟ್ಟೆ ಖಾಲಿ ಮಾಡುವುದು. ಎಣ್ಣೆಯೆಲ್ಲ ಬಸಿದು ಸರಳನ್ನು ಹೊರಗೆಳೆದೆವು. ಪಿಸ್ಟನ್ನಿನ ಸುತ್ತ ಇರುವ ಸೀಲನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಾಗ ಸರಳು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಜಾರತೊಡಗಿತು. ಅಷ್ಟು ದಿನ ಎಣ್ಣೆಯೇ ಒಳಗಿನದನ್ನೆಲ್ಲ ನೆನೆಸಿಡುತ್ತಿತ್ತು, ಇನ್ನು ಮೇಲೆ ಅದಿಲ್ಲ. ಅದಕ್ಕೇ ಹಲ್ಲಿಗೂ ಸರಳಿಗೂ ಧಾರಾಳವಾಗಿ ಗ್ರೀಸ್ ಬಳಿದೆವು. ಪೈಪು ಬಿಚ್ಚಿದ ತೂತುಗಳನ್ನು ಬೇರೆಬೇರೆಯಾಗಿ ಬಿಗಿದು ಮುಚ್ಚಬಾರದು. ಒಳಗಿನ ಗಾಳಿಗೆ ಓಡಾಡಲು ಒಂದಕ್ಕೊಂದು ಕೊಳವೆ ಜೋಡಿಸಬೇಕು, ಧೂಳು ಮಾತ್ರ ಒಳಗೆ ಹೋಗಕೂಡದು.

ಉಳಿದದ್ದು ಟಾರ್ಷನ್ ಬಾರ್. ಅದು ತಿರುಚದಂತೆ ವಾಲ್ವಿನ ಮೇಲ್ಭಾಗವನ್ನೂ ಪಿನಿಯನ್ನನ್ನೂ ವೆಲ್ಡ್ ಮಾಡಿ ಒಂದಾಗಿಸಬೇಕು. ನನಗೆ ಕೈನಡುಗಿದ್ದು ಇಲ್ಲಿ. ಬೇರೆ ಯಾವ ವೆಲ್ಡಿಂಗ್ ಬಿಟ್ಟುಕೊಂಡರೂ ಕಾರು ನಿಂತೀತು, ಅಷ್ಟೆ. ಇದು ಸ್ಟೇರಿಂಗ್. ಮನೆಯಲ್ಲೇ ಮಾಡುತ್ತೇನೆಂದು ಹೊರಟವನ ಕೈಯಿಂದ ಟಾರ್ಚು ಕಿತ್ತುಕೊಂಡು, ಅದನ್ನೇ ಕಸುಬು ಮಾಡಿಕೊಂಡ ಒಬ್ಬ ಹಿರಿಯ ವೆಲ್ಡರ್ ಹತ್ತಿರ ಕರೆದೊಯ್ದೆ. ಅವರು ಒಂದು ಸಣ್ಣ ಹೊಲಿಗೆ ಹಾಕುವುದು, ಆರಲು ಬಿಡುವುದು, ತಿರುಗಿಸಿ ಎದುರು ಬದಿಗೆ ಇನ್ನೊಂದು ಹಾಕುವುದು, ಹೀಗೆ ಅರ್ಧ ಗಂಟೆ ತೆಗೆದುಕೊಂಡರು. ಒಂದೇ ಕಡೆ ಕಾಯಿಸಿದರೆ ಶಾಫ್ಟು ಸೊಟ್ಟಗಾಗುತ್ತದಂತೆ.

ಇನ್ನೊಂದು ಸಣ್ಣ ತಾಪತ್ರಯ: ಈ ಕಾರಿನಲ್ಲಿ ಏಸಿ ಕಂಪ್ರೆಸರಿಗೂ ಸ್ಟೇರಿಂಗ್ ಪಂಪಿಗೂ ಒಂದೇ ಬೆಲ್ಟು. ಪಂಪು ಹೋದರೆ ಬೆಲ್ಟಿನ ಅಳತೆಯೂ ಬದಲಾಗುತ್ತದೆ. ಏಸಿ ಬಿಡಲು ಹುಡುಗ ತಯಾರಿರಲಿಲ್ಲ. ಪೌರುಷಕ್ಕೂ ಒಂದು ಮಿತಿ ಇರುತ್ತದೆ.

ಮರುದಿನ ಬೆಳಿಗ್ಗೆ ಸ್ಯಾರಟೋಗಾ ದಾಟಿ 9ನೇ ನಂಬರಿನ ಹೆದ್ದಾರಿಯಲ್ಲಿ ಬೆಟ್ಟ ಹತ್ತಿದೆವು. ಮನೆಯ ಮುಂದಿನಿಂದ ಕಾರು ಹೊರಗೆ ತೆಗೆಯುವಾಗ ನನಗೆ ನೆನಪಾದದ್ದು ಆಗುಂಬೆ ಘಾಟಿಯ ಹಳೆಯ ಬಸ್ಸುಗಳ ಡ್ರೈವರುಗಳು, ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು ಮೈಭಾರವನ್ನೆಲ್ಲ ಸ್ಟೇರಿಂಗಿನ ಮೇಲೆ ಹಾಕುತ್ತಿದ್ದವರು. ಆದರೆ ಚಕ್ರ ಉರುಳತೊಡಗಿದ್ದೇ ತಡ, ಭಾರ ಅರ್ಧಕ್ಕರ್ಧ ಇಳಿಯಿತು. ಇಪ್ಪತ್ತು ಮೂವತ್ತರ ವೇಗ ದಾಟಿದ ಮೇಲೆ ಕೈಯಲ್ಲಿ ಉಳಿದದ್ದು ಬರೀ ಸುದ್ದಿ. ಇಲ್ಲಿ ಡಾಂಬರು ಒರಟು, ಇಲ್ಲಿ ನುಣುಪು, ಇಲ್ಲಿ ನೆರಳಿನಡಿ ತೇವ.

ಇದರಲ್ಲಿ ಭಾವುಕತೆ ಕಡಿಮೆ, ಲೆಕ್ಕ ಹೆಚ್ಚು. ತಿರುವಿನಲ್ಲಿ ಟೈರಿನ ಮೇಲೆ ನೆಲ ಹಾಕುವ ಬಲ ಟೈರಿನ ನಟ್ಟನಡುವೆ ಬೀಳುವುದಿಲ್ಲ, ತುಸು ಹಿಂದೆ ಬೀಳುತ್ತದೆ. ಅದಕ್ಕೇ ಚಕ್ರ ತಾನಾಗಿ ನೆಟ್ಟಗಾಗಲು ಎಳೆಯುತ್ತದೆ. ವೇಗ ಹೆಚ್ಚಿ ಟೈರು ಜಾರುವ ಅಂಚಿಗೆ ಬಂದಾಗ ಆ ಬಲ ಮುಂದಕ್ಕೆ ಸರಿಯುತ್ತದೆ, ಎಳೆತ ಸಡಿಲವಾಗುತ್ತದೆ. ಅಂದರೆ ಹಿಡಿತ ತಪ್ಪುವ ಮುಂಚೆಯೇ ಸ್ಟೇರಿಂಗ್ ಹಗುರಾಗಿ ಎಚ್ಚರಿಸುತ್ತದೆ. ಪವರ್ ಸ್ಟೇರಿಂಗಿನಲ್ಲೂ ಈ ಸುದ್ದಿ ಬರುತ್ತದೆ, ಆದರೆ ಪಕ್ಕದ ಕೋಣೆಯಿಂದ ಕೇಳಿಸಿದ ಹಾಗೆ.

ಇದು ಬಲ್ಲ ಎಂಜಿನಿಯರುಗಳು ಬಹಳ ಕಾಲ ಪವರ್ ಸ್ಟೇರಿಂಗನ್ನು ದೂರವೇ ಇಟ್ಟಿದ್ದರು. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕನ್ 1926ರಲ್ಲೇ ತನ್ನ ಪಿಯರ್ಸ್-ಆರೋ ಕಾರಿಗೆ ಅದನ್ನು ಅಳವಡಿಸಿ ತೋರಿಸಿದ್ದ; 1951ರಲ್ಲಿ ಕ್ರೈಸ್ಲರ್ ಅದನ್ನು ಮಾರಾಟಕ್ಕಿಟ್ಟಿತು. ಆದರೂ ಫೆರಾರಿ ಎಫ್40, ಮೆಕ್‌ಲಾರೆನ್ ಎಫ್1, 1996ರ ಲೋಟಸ್ ಎಲೀಸ್ ಯಾವುದರಲ್ಲೂ ಅದು ಇರಲಿಲ್ಲ. ಗಮನಿಸಿ, ಇವೆಲ್ಲದರ ಎಂಜಿನ್ನು ಚಾಲಕನ ಬೆನ್ನ ಹಿಂದೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ.

ಹಾಗಾಗಿ ನನ್ನ ತೀರ್ಪು ಇಷ್ಟೇ. ಕಾರು ಹಗುರವಾಗಿದ್ದು, ಎಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗುತ್ತಿದ್ದು, ಟೈರು ಅಗಲವಿಲ್ಲದಿದ್ದರೆ ಈ ಕೆಲಸಕ್ಕೆ ಅರ್ಥವಿದೆ. ಮುಂದಿನ ಚಕ್ರಕ್ಕೇ ಬಲ ಹೋಗುವ ಜೋರಾದ ಕಾರುಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗಲು ನೋಡುತ್ತದೆ. ಅವುಗಳ ತಂಟೆ ಬೇಡ. ಈಗಿನ ಎಲೆಕ್ಟ್ರಿಕ್ ಸ್ಟೇರಿಂಗಿನ ಫ್ಯೂಸ್ ಕಿತ್ತರೆ ಮೋಟರನ್ನೂ ನೀವೇ ತಿರುಗಿಸಬೇಕಾಗುತ್ತದೆ, ಅದೂ ಬೇಡ. ನಮ್ಮ ದೇಶದಲ್ಲಂತೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ತಯಾರಕರು ಕೊಟ್ಟ ವಿವರಕ್ಕೆ ಹೊರತಾದ ಮಾರ್ಪಾಟಿನ ಮೇಲೆ ಅದರ ಕಣ್ಣು ಇರುತ್ತದೆ. ಟ್ರ್ಯಾಕಿಗೇ ಮೀಸಲಾದ ಕಾರಿದ್ದರೆ ಮಾತ್ರ ಯೋಚಿಸಿ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೆಯ ಮಾರುತಿ 800 ಇನ್ನೂ ಉಸಿರಾಡುತ್ತಿದ್ದರೆ ಗುಜರಿಗೆ ಕೊಡುವ ಮುಂಚೆ ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಬೆಳಗಿನ ಜಾವ ಯಾವುದಾದರೂ ಖಾಲಿ ಘಾಟಿ ರಸ್ತೆಗೆ ಕರೆದುಕೊಂಡು ಹೋಗಿ. ಅದರದು ಮ್ಯಾನುಯಲ್ ಸ್ಟೇರಿಂಗ್. ಬಿಗಿಯಾಗಿ ಹಿಡಿಯಬೇಡಿ.