ಮರಳಿ ಬಂದವರ ಮೇಲಿನ ತೀರ್ಪು: ಅಬ್ಬೆ ದ್ಯುಬುವಾ ಅವರ ಪತ್ರಗಳನ್ನು ಕುರಿತು

ಸಂಕಟಕಾಲದಲ್ಲಿ ಯಾರು ನಿಂತರು, ಯಾರು ಬಿದ್ದರು ಎಂಬುದನ್ನು ಕುರಿತು ಏಳುವ ಕಲಹಕ್ಕಿಂತ ಕಠಿಣವಾದ ಕಲಹ ಸಭೆಯಲ್ಲಿ ಇನ್ನೊಂದಿಲ್ಲ. ಅಂಥದೊಂದು ಪ್ರಶ್ನೆ ನಮ್ಮ ಶ್ರೀರಂಗಪಟ್ಟಣದಲ್ಲಿಯೇ ಎದ್ದಿತ್ತು. ಅದಕ್ಕೆ ದೊರೆತ ಉತ್ತರ ಅಬ್ಬೆ ದ್ಯುಬುವಾ ಅವರ ಸೇವೆಯಲ್ಲಿ ಒಂದು ಬಗೆಯಾಗಿಯೂ ಅವರ ಬರಹದಲ್ಲಿ ಇನ್ನೊಂದು ಬಗೆಯಾಗಿಯೂ ಇದೆ. ಈ ವ್ಯತ್ಯಾಸವೇ ನಮ್ಮ ವಿಮರ್ಶೆಯ ವಿಷಯ.

1784ರಲ್ಲಿ ಟಿಪ್ಪು ಸುಲ್ತಾನನು, ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ, ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಿಸಿದನು. ಸೆರೆಯಾದವರ ಸಂಖ್ಯೆ ಒಂದೊಂದು ಬರಹದಲ್ಲಿ ಒಂದೊಂದು ಬಗೆಯಾಗಿದೆ. ದ್ಯುಬುವಾ ಕೊಡುವ ಸಂಖ್ಯೆ 60,000. ಅವರಲ್ಲಿ ಅನೇಕರು ಬಲವಂತದಿಂದ ಮತಾಂತರಗೊಂಡರು. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಬದುಕುಳಿದವರು ಸಭೆಯ ಬಾಗಿಲಿಗೆ ಬಂದರು. ಅವರನ್ನು ಮರಳಿ ಸೇರಿಸಿಕೊಳ್ಳುವ ಹೊಣೆಯನ್ನು ಹೊತ್ತು ಬಂದವರು ದ್ಯುಬುವಾ. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಗುರುತಿಸುವ ಚರ್ಚು ಇಂದಿಗೂ ಇದೆ. ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿದ, ದೇಶೀಯ ಉಡುಪಿನಲ್ಲಿ ಜನರ ನಡುವೆ ಬಾಳಿದ ಈ ಯಾಜಕರನ್ನು ಜನರು ದೊಡ್ಡ ಸ್ವಾಮಿಯವರು ಎಂದು ಕರೆದರು.

ಸ್ವದೇಶಕ್ಕೆ ಹಿಂದಿರುಗಿದ 1823ರಲ್ಲಿಯೇ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಈ ದೇಶದಲ್ಲಿ ಸುವಾರ್ತೆ ಬೇರೂರಲಾರದೆಂಬ ಅವರ ವಾದಕ್ಕೆ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಮರುವರ್ಷವೇ ಉತ್ತರ ಬರೆದರು. ಆ ವಾಗ್ವಾದ ಎಲ್ಲರಿಗೂ ತಿಳಿದದ್ದು. ಆದರೆ ಅದೇ ಪುಸ್ತಕದಲ್ಲಿ ಶ್ರೀರಂಗಪಟ್ಟಣದ ಸೆರೆಯಾಳುಗಳ ಬಗೆಗೆ ಇರುವ ಭಾಗದತ್ತ ಗಮನ ಹರಿದದ್ದು ಕಡಿಮೆ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ತನ್ನ ನಂಬಿಕೆಯನ್ನು ಅರಿಕೆಮಾಡಿ ರಕ್ತಸಾಕ್ಷಿಯಾಗಲಿಲ್ಲವೆಂದು ಅವರು ನಾಚಿಕೆಯ ಮಾತುಗಳಲ್ಲಿ ಬರೆಯುತ್ತಾರೆ. ಮರಳಿ ಬಂದವರು ತಮ್ಮ ಧರ್ಮತ್ಯಾಗ ಹೊರಗಿನದು ಮಾತ್ರ, ಹೃದಯದ್ದಲ್ಲವೆಂದು ಹೇಳಿಕೊಂಡದ್ದನ್ನೂ ಅವರೇ ದಾಖಲಿಸುತ್ತಾರೆ. ಆದರೂ ಇಡೀ ಘಟನೆ ದೇಶೀಯ ಕ್ರೈಸ್ತರ ನಂಬಿಕೆ ಟೊಳ್ಳೆಂಬುದಕ್ಕೆ ಸಾಕ್ಷಿಯಾಗಿ ಅವರ ವಾದದಲ್ಲಿ ನಿಲ್ಲುತ್ತದೆ.

ಈ ತೀರ್ಪಿನಲ್ಲಿ ಮೂರು ದೋಷಗಳನ್ನು ನಾವು ಕಾಣುತ್ತೇವೆ.

ಮೊದಲನೆಯದು, ಅದು ಸಮೂಹದ ಮೇಲಿನ ತೀರ್ಪು. ಕ್ರಿ.ಶ. 250ರ ಹಿಂಸೆಯ ತರುವಾಯ ಕಾರ್ಥೇಜಿನ ಸಭೆಯೂ ಇದೇ ಪ್ರಶ್ನೆಯನ್ನು ಎದುರಿಸಿತು. ಬಿದ್ದವರನ್ನು ಸೇರಿಸಿಕೊಳ್ಳಲೇಬಾರದೆಂದು ರೋಮಿನ ನೊವೇಷಿಯನ್ ಹಟಹಿಡಿದನು. ಯಾವ ವಿಚಾರಣೆಯೂ ಇಲ್ಲದೆ ಸೇರಿಸಿಕೊಳ್ಳಬೇಕೆಂದು ಇನ್ನು ಕೆಲವರು ಒತ್ತಾಯಿಸಿದರು. ಬಿಷಪ್ ಸಿಪ್ರಿಯನ್ ಮತ್ತು 251ರ ಆಲೋಚನಾಸಭೆ ಎರಡನ್ನೂ ಒಪ್ಪಲಿಲ್ಲ. ಬಲಿಯರ್ಪಿಸಿದವನು ಬೇರೆ, ಹಣ ಕೊಟ್ಟು ಪ್ರಮಾಣಪತ್ರ ಪಡೆದವನು ಬೇರೆ. ಒಬ್ಬೊಬ್ಬನ ಸಂಗತಿಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂದು ಅವರು ನಿರ್ಣಯಿಸಿದರು. ವಿವೇಕವೆಂದರೆ ಇದು. ಎಲ್ಲರೂ ಒಂದೇ ಎಂದು ಬರೆಯುವವನಿಗೆ ಯಾರನ್ನೂ ವಿಚಾರಿಸುವ ಶ್ರಮವಿಲ್ಲ.

ಎರಡನೆಯದು, ಬಿದ್ದವರ ಪರಿಸ್ಥಿತಿ ಅಲ್ಲಿ ತೂಕಕ್ಕೆ ಬರುವುದಿಲ್ಲ. ಕೆನರಾದ ಅನೇಕ ಯಾಜಕರು ಗಡೀಪಾರಾಗಿದ್ದರು. ಕುರುಬರಿಲ್ಲದ ಮಂದೆ ಹದಿನೈದು ವರ್ಷ ಸೆರೆಯಲ್ಲಿತ್ತು. ಇತ್ತ ಪಟ್ಟಣಕ್ಕೆ ಸಮೀಪದಲ್ಲಿ, ಇಂದಿನ ಪಾಂಡವಪುರದಲ್ಲಿ, ಸುಲ್ತಾನನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಪಾಳೆಯವಿತ್ತು. ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅದರಿಂದಲೇ ಬಂದಿತು. ಒಂದೇ ರಾಜ್ಯದಲ್ಲಿ ಕ್ರೈಸ್ತರು ಕೆಲವರು ಸಂಬಳದವರು, ಕೆಲವರು ಸೆರೆಯವರು. ಇಂಥಲ್ಲಿ ನಂಬಿಗಸ್ತರು ಯಾರೆಂಬುದನ್ನು ಒಂದು ವಾಕ್ಯದಲ್ಲಿ ಮುಗಿಸಲಾಗದು.

ಮೂರನೆಯದು, ತೀರ್ಪುಗಾರನು ತನ್ನನ್ನು ಅದರ ಹೊರಗೆ ಇರಿಸಿಕೊಂಡಿದ್ದಾನೆ. ದ್ಯುಬುವಾ ಫ್ರಾನ್ಸನ್ನು ಬಿಟ್ಟದ್ದು 1792ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಅನೇಕ ಯಾಜಕರು ಕೊಲೆಯಾದರು. ಅವರ ನಿರ್ಗಮನವನ್ನು ನಾವು ಹೇಡಿತನವೆನ್ನುವುದಿಲ್ಲ; ಹಾಗೆನ್ನುವುದು ಅನ್ಯಾಯ. ಸಿಪ್ರಿಯನ್ ಕೂಡ ಹಿಂಸೆಯ ಸಮಯದಲ್ಲಿ ಕಾರ್ಥೇಜಿನಿಂದ ಮರೆಯಾಗಿದ್ದನು. ತಮಗೆ ದೊರೆತ ಆ ನ್ಯಾಯವನ್ನೇ, ಓಡಿಹೋಗುವ ದಾರಿಯೂ ಇಲ್ಲದಿದ್ದವರಿಗೆ ಅವರು ಸಲ್ಲಿಸಬೇಕಾಗಿತ್ತು. ದೋಷಿಯನ್ನು ತಿದ್ದುವವನು ತಾನೂ ಶೋಧನೆಗೆ ಒಳಗಾಗದಂತೆ ನೋಡಿಕೊಳ್ಳಲಿ ಎಂದು ಪೌಲನು ಗಲಾತ್ಯದವರಿಗೆ ಕೊಟ್ಟ ಎಚ್ಚರಿಕೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ಆದಾಗ್ಯೂ ನಾವು ಪುಸ್ತಕದ ಆಧಾರದ ಮೇಲೆ ಮಾತ್ರ ಮನುಷ್ಯನನ್ನು ಅಳೆಯಲಾರೆವು. ಬಾಗಿಲಿಗೆ ಬಂದವರನ್ನು ಅವರು ಸೇರಿಸಿಕೊಂಡರು. ಅವರ ಕೈ ಸುವಾರ್ತೆಗೆ ವಿಧೇಯವಾಯಿತು, ಲೇಖನಿ ಹಿಂದುಳಿಯಿತು. ಮೂರು ಸಾರಿ ಅಲ್ಲಗಳೆದ ಪೇತ್ರನಿಗೆ ಕ್ರಿಸ್ತನು ತಿಬೇರಿಯ ಸಮುದ್ರದ ತೀರದಲ್ಲಿ ಮಂದೆಯನ್ನೇ ಒಪ್ಪಿಸಿದನು. ಸಮಾಧಾನದ ಪೂರ್ಣತೆ ಅದು. ಒಳಗೆ ಕರೆದುಕೊಂಡು, ಬಳಿಕ ಜೀವಮಾನವೆಲ್ಲ ಬಿದ್ದವನೆಂದೇ ಹೆಸರಿಡುವುದು ಅರ್ಧ ಸಮಾಧಾನ.

ಕೃಷ್ಣರಾಜಪೇಟೆ, ನಾಗಮಂಗಲದಂಥ ತಾಲ್ಲೂಕುಗಳ ಹಳ್ಳಿಗಳಲ್ಲಿ, ಕೆಲವೇ ಮನೆಗಳ ಸಭೆಯಲ್ಲಿ, ಈ ಪಾಠ ಇನ್ನೂ ಹತ್ತಿರದ್ದು. ಅಲ್ಲಿ ಮುನಿದವರು ನೆಂಟರೇ, ನೆರೆಯವರೇ. ಹೋಗಲು ಬೇರೊಂದು ಸಭೆ ಇಲ್ಲ. ಲೆಕ್ಕಪತ್ರದ ಜಗಳವಾಗಲಿ, ಹಿರಿಯರ ಆಯ್ಕೆಯ ಜಗಳವಾಗಲಿ, ಆ ಮನೆಯವರೆಲ್ಲ ಹಾಗೆಯೇ ಎಂಬ ಒಂದು ಮಾತು ಹೊರಬಿದ್ದರೆ ಅದು ಮೊಮ್ಮಕ್ಕಳವರೆಗೆ ಉಳಿಯುತ್ತದೆ. ಮೊದಲು ಇಬ್ಬರೇ ಕೂಡಿ ಮಾತಾಡಬೇಕು, ಆಮೇಲೆ ಸಾಕ್ಷಿಗಳು, ಕೊನೆಗೆ ಸಭೆ ಎಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ ಕ್ರಮವನ್ನು ಇಟ್ಟದ್ದು ಇದಕ್ಕಾಗಿಯೇ. ಹೆಸರು ಹಿಡಿದು ಒಬ್ಬನ ಸಂಗಡ ಮಾತಾಡುವಾಗ ಸಮೂಹದ ಮೇಲೆ ತೀರ್ಪು ಕೊಡಲು ಎಡೆಯಿರುವುದಿಲ್ಲ. ಸಭಾಪಾಲಕರಾಗಲು ಸಿದ್ಧರಾಗುತ್ತಿರುವವರು ದ್ಯುಬುವಾ ಅವರ ಪತ್ರಗಳನ್ನು ಓದಲಿ. ಅವರ ಸೇವೆಯನ್ನು ಅನುಸರಿಸಲಿ, ಅವರ ವಾಕ್ಯಗಳನ್ನು ಪರೀಕ್ಷಿಸಲಿ.