ಎಳೆಗೂ ರಾಳಕ್ಕೂ ನಡುವೆ

ಫೈಬರ್ ದೋಣಿ ಒಡೆದ ಜಾಗವನ್ನು ಹತ್ತಿರದಿಂದ ನೋಡಿ. ಗಾಜಿನ ಎಳೆಗಳು ಮೈಮೇಲಿನ ರಾಳವನ್ನೆಲ್ಲ ಕೊಡವಿಕೊಂಡು ಬೋಳಾಗಿ ಹೊರಚಾಚಿದ್ದರೆ, ಮೊದಲು ಸೋತದ್ದು ಅವೆರಡರ ನಡುವಿನ ಅಂಟು. ಆ ಅಂಟನ್ನು ಉಳಿಸಲೆಂದೇ ಬಂದ ಸಿಲೇನ್ ಲೇಪ, ನನ್ನ ಲೆಕ್ಕದಲ್ಲಿ, ಎಳೆ-ರಾಳ ಬೆರೆಸಿ ವಸ್ತು ಮಾಡುವ ಕ್ಷೇತ್ರದ ಅತ್ಯಂತ ಜಾಣ ಕೆಲಸ.

ಗಾಜಿನ ಎಳೆಯ ದಪ್ಪ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್. ಅದರ ಮೈಗೆ ತೇವ ಬಲುಬೇಗ ಹತ್ತುತ್ತದೆ; ಒಣಗಿದ್ದಾಗ ಹಿಡಿದ ರಾಳ ನೀರು ಒಳಸೇರಿದೊಡನೆ ಕೈಬಿಡುತ್ತದೆ. ಸಿಲೇನ್ ಅಣುವಿನ ಒಂದು ತುದಿ ಗಾಜಿನ ಮೈಗೆ ರಾಸಾಯನಿಕವಾಗಿ ಕೂಡಿಕೊಂಡರೆ, ಇನ್ನೊಂದು ತುದಿ ರಾಳ ಗಟ್ಟಿಯಾಗುವಾಗ ಅದರ ಸರಪಳಿಯಲ್ಲೇ ಸೇರಿಹೋಗುತ್ತದೆ. ಡೌ ಕಾರ್ನಿಂಗ್ ಕಂಪನಿಯಲ್ಲಿ ಈ ವಿಷಯಕ್ಕೆ ಬದುಕನ್ನೇ ಕೊಟ್ಟ ಎಡ್ವಿನ್ ಪ್ಲೂಡೆಮನ್ ಅವರ ವಿವರಣೆ ನನಗೆ ಬಹಳ ಇಷ್ಟ: ನೀರಿನಿಂದ ಕಡಿದ ಬಂಧ ಅಲ್ಲೇ ಮತ್ತೆ ಕೂಡಿಕೊಳ್ಳಬಲ್ಲದು. ನೀರನ್ನು ಹೊರಗೇ ತಡೆಯುತ್ತೇವೆಂಬ ಹಟ ಇಲ್ಲಿಲ್ಲ. ಆದರೆ ರಾಳಕ್ಕೆ ತಕ್ಕ ಸಿಲೇನ್ ಬೇಕು. ಪಾಲಿಎಸ್ಟರ್‌ಗೆ ಮೆಥಾಕ್ರಿಲ್ ತುದಿ, ಎಪಾಕ್ಸಿಗೆ ಅಮಿನೊ ಅಥವಾ ಎಪಾಕ್ಸಿ ತುದಿ. ಯಾವ ರಾಳಕ್ಕೆಂದು ಕೇಳದೆ ಗಾಜಿನೆಳೆಯ ಮ್ಯಾಟ್ ಕೊಂಡು ತಂದರೆ ಈ ಜಾಣತನವೆಲ್ಲ ವ್ಯರ್ಥ.

ನನ್ನ ತಕರಾರು ಇರುವುದು ಅಳೆಯುವ ರೀತಿಯ ಬಗ್ಗೆ. ಒಣ ತುಂಡನ್ನು ಎಳೆದು ನೋಡಿ ಲೇಪಕ್ಕೆ ಅಂಕ ಕೊಡುವುದು ಅರ್ಧ ಪರೀಕ್ಷೆ. ಅದೇ ತುಂಡನ್ನು ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟ ಮೇಲೆ ಎಷ್ಟು ಬಲ ಉಳಿಯಿತೆಂದು ಹೇಳಲಿ. ಉಪ್ಪುನೀರಲ್ಲೇ ಬಾಳುವ ದೋಣಿಗೆ ಬೇಕಾದದ್ದು ಆ ಅಂಕ.

ಇನ್ನೊಂದು ತಪ್ಪು, ಅಂಟು ಬಿಗಿಯಾದಷ್ಟೂ ಒಳ್ಳೆಯದೆಂಬ ನಂಬಿಕೆ. ಹೆಲ್ಮೆಟ್‌ಗಳಿಗೆ ಬಳಸುವ ಅರಾಮಿಡ್ ಎಂಬ ಕೃತಕ ಎಳೆಯ ಮೈ ನುಣುಪು, ರಾಳ ಸುಲಭವಾಗಿ ಹಿಡಿಯದು. ಪ್ಲಾಸ್ಮಾ ಹಾಯಿಸಿ ಬಲವಂತವಾಗಿ ಹಿಡಿಸಿದರೆ ಎಳೆಯ ಹೊರಪದರವೇ ಸಿಪ್ಪೆಯಂತೆ ಸುಲಿದು ಬರುತ್ತದೆ. ಸೋಲು ಎಳೆಯೊಳಕ್ಕೆ ಸರಿಯಿತು, ಅಷ್ಟೆ. 1964ರಲ್ಲೇ ಸಂಶೋಧಕರಾದ ಕುಕ್ ಮತ್ತು ಗಾರ್ಡನ್ ಲೆಕ್ಕ ಹಾಕಿ ತೋರಿಸಿದ್ದರು: ನಡುವಿನ ಅಂಟಿನ ಬಲ ವಸ್ತುವಿನ ಬಲದ ಸುಮಾರು ಐದನೇ ಒಂದು ಪಾಲಿನಷ್ಟಿದ್ದರೆ, ಮುನ್ನುಗ್ಗುವ ಬಿರುಕು ಅಲ್ಲಿ ಬಿಟ್ಟುಕೊಂಡ ಅಂಚಿಗೆ ತಾಗಿ ಪಕ್ಕಕ್ಕೆ ತಿರುಗುತ್ತದೆ. ಗುಂಡುನಿರೋಧಕ ಹೆಲ್ಮೆಟ್ ಮಾಡುವವರು ರಾಳವನ್ನು ಕಡಿಮೆ ಹಾಕಿ, ಅಂಟನ್ನು ಬೇಕೆಂದೇ ಸಡಿಲವಾಗಿ ಬಿಡುತ್ತಾರೆ. ಗುಂಡು ತಾಗಿದಾಗ ಪದರಗಳು ಬಿಟ್ಟುಕೊಳ್ಳುತ್ತವೆ, ಎಳೆಗಳು ಉದ್ದಕ್ಕೆ ಹಿಗ್ಗುತ್ತವೆ, ಗುಂಡಿನ ವೇಗ ಆ ಎಳೆದಾಟದಲ್ಲೇ ಕರಗುತ್ತದೆ.