ಕಲ್ಯಾಣಿಯೂ ಸ್ಪರ್ಧೆಯ ಈಜುಕೊಳವೂ

ಕೊರವಂಗಲದ ಬೂಚೇಶ್ವರ ದೇವಾಲಯದ ಕರ್ತೃವಿನ ವಿಷಯದಲ್ಲಿ ವಿವಾದಕ್ಕೆಡೆಯಿಲ್ಲ. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗಾಗಿ ಬೂಚಿರಾಜನು 1173ರಲ್ಲಿ ಅದನ್ನು ಕಟ್ಟಿಸಿದನು. ಅದೇ ಸೀಮೆಯ ಶ್ರವಣಬೆಳಗೊಳದ ಕಲ್ಯಾಣಿಯ ಸಂಗತಿ ಇಷ್ಟು ಸುಲಭವಾದುದಲ್ಲ. ಅಲ್ಲಿಯ ಮಂಟಪದ ಕಂಬದ ಶಾಸನವು ಕೊಳವನ್ನು ಚಿಕ್ಕದೇವರಾಜ ಒಡೆಯರ ಕೃತಿಯೆನ್ನುತ್ತದೆ. ಟಂಕಸಾಲೆಯ ಅಣ್ಣಯ್ಯನ ಬಿನ್ನಹದಂತೆ ಕೆಲಸ ಆರಂಭವಾಗಿ, 1704ರಲ್ಲಿ ದೊರೆಯು ತೀರಿಕೊಂಡುದರಿಂದ ಒಂದನೆಯ ಕೃಷ್ಣರಾಜನ ಕಾಲದಲ್ಲಿ ಅದು ಪೂರ್ತಿಯಾಯಿತೆಂದು ಅನಂತಕವಿಯು ಹೇಳುತ್ತಾನೆ. ಆದರೆ ಊರಿಗೆ ಹೆಸರನ್ನಿತ್ತ ‘ಬೆಳ್‌ಗೊಳ’ವು ಅದಕ್ಕೆ ಎಷ್ಟೋ ಶತಮಾನಗಳ ಹಿಂದಿನದು. ಆದುದರಿಂದ ಒಡೆಯರದು ಜೀರ್ಣೋದ್ಧಾರವೇ ಹೊರತು ನಿರ್ಮಾಣವಲ್ಲವೆಂಬ ಊಹೆಯೇ ಯುಕ್ತವಾಗಿ ತೋರುವುದು.

ಇಂತಹ ಕಲ್ಯಾಣಿಗಳೇ ಇಂದಿನ ಈಜುಕೊಳಗಳಿಗೆ ಮೂಲವೆಂಬ ಮಾತು ಆಗಾಗ ಕೇಳಿಬರುವುದುಂಟು. ಅಭಿಮಾನದ ಮಾತೇನೋ ಹೌದು, ವಿಚಾರಕ್ಕೆ ನಿಲ್ಲುವಂತಹುದಲ್ಲ. ನಾಲ್ಕು ಕಡೆಯ ಸೋಪಾನಗಳಿರುವುದು ನೀರು ಏರಿಳಿಯುವುದೆಂಬುದಕ್ಕಾಗಿ. ಬೇಸಗೆಯಲ್ಲಿ ಎಷ್ಟು ಇಳಿದರೂ ಮಿಂದೇಳುವವನ ಕಾಲಿಗೆ ಒಂದು ಮೆಟ್ಟಿಲು ದೊರೆಯಬೇಕು. ಸ್ಪರ್ಧೆಯ ಕೊಳದಲ್ಲಿ ನೀರಿನ ಮಟ್ಟ ಕದಲಕೂಡದು. ಗೋಡೆ ನೆಟ್ಟಗಿರಬೇಕು, ಈಜುವವನು ಅದನ್ನು ಒದೆದೇ ಹಿಂದಿರುಗುವನಷ್ಟೆ. ಅಂಚಿನ ಕಾಲುವೆಗಳು ಅಲೆಯನ್ನು ನುಂಗುತ್ತವೆ. 25 ಮೀಟರ್ ಅಗಲದಲ್ಲಿ ಹತ್ತು ಸಾಲುಗಳಿದ್ದರೂ, ಎಂಟರಲ್ಲಿ ಮಾತ್ರ ಈಜಿಸಿ, ಹೊರಗಿನ ಎರಡನ್ನು ಬರಿದಾಗಿ ಬಿಡುವುದೂ ಅಲೆಯನ್ನು ತಗ್ಗಿಸಲೆಂದೇ.

ಈ ರೂಪವೂ ಹಳೆಯದಲ್ಲ. ಒಲಿಂಪಿಕ್ ಈಜು 1896ರಲ್ಲಿ ಸಮುದ್ರದಲ್ಲಿಯೂ 1900ರಲ್ಲಿ ಸೇನ್ ನದಿಯಲ್ಲಿಯೂ ನಡೆಯಿತು. 1908ರ ಲಂಡನಿನ ಕೊಳ 100 ಮೀಟರ್ ಉದ್ದವಿದ್ದಿತು. 50 ಮೀಟರಿನ, ಸಾಲುಗಳನ್ನು ಗುರುತಿಸಿದ ಕೊಳ ಬಂದುದು 1924ರ ಪ್ಯಾರಿಸ್ಸಿನಲ್ಲಿ.

ಕರ್ತೃತ್ವದ ತಪ್ಪು ಇಲ್ಲಿಯೂ ತಪ್ಪಿಲ್ಲ. 2008ರಲ್ಲಿ ಬೀಜಿಂಗಿನ ಜಲಭವನದಲ್ಲಿ 20ಕ್ಕೂ ಹೆಚ್ಚು ವಿಶ್ವದಾಖಲೆಗಳು ಮುರಿದಾಗ ಕೀರ್ತಿಯೆಲ್ಲ ಮೂರು ಮೀಟರ್ ಆಳದ ಕೊಳಕ್ಕೆ ಸಂದಿತು; ಅಂದು ತೊಟ್ಟಿದ್ದ, 2010ರಿಂದ ನಿಷಿದ್ಧವಾದ ಉಡುಪುಗಳ ಪಾಲನ್ನು ಹಲವರು ಎಣಿಸಲಿಲ್ಲ. 2024ರಲ್ಲಿ ಪ್ಯಾರಿಸ್ಸಿನ ಬಳಿ ರಗ್ಬಿ ಅಂಗಣದೊಳಗೆ ತಾತ್ಕಾಲಿಕವಾಗಿ ಕೂಡಿಸಿದ ಕೊಳದ ಆಳ 2.15 ಮೀಟರ್. ಬೆಂಗಳೂರಿನ ಶ್ರೀಹರಿ ನಟರಾಜ್, ಧಿನಿಧಿ ದೇಸಿಂಗು ಇವರು ಈಜಿದುದು ಅಲ್ಲಿಯೇ. ವೇಗಗಳು ಕುಂದಿದುವೆಂದು ಕೊಳವನ್ನು ಬಹುಮಂದಿ ಹಳಿದರು. ತಳಕ್ಕೆ ತಾಗಿ ಮರಳುವ ಅಲೆ ಈಜುವವನನ್ನು ಬಾಧಿಸುವುದೆಂಬುದು ನಂಬತಕ್ಕ ಮಾತೇ. ಆದರೆ ಅದೇ ನೀರಿನಲ್ಲಿ ಪಾನ್ ಝಾನ್‌ಲೆ 100 ಮೀಟರನ್ನು 46.40 ಸೆಕೆಂಡುಗಳಲ್ಲಿ ಮುಗಿಸಿದನು. ಒಟ್ಟು ನಾಲ್ಕು ವಿಶ್ವದಾಖಲೆಗಳು ಅಲ್ಲಿ ಹುಟ್ಟಿದುವು. ಆಳವೊಂದನ್ನೇ ದೂಷಿಸುವವರು ಈ ನಾಲ್ಕಕ್ಕೆ ಸಮಾಧಾನ ಹೇಳಬೇಕಾಗುತ್ತದೆ.